ಕಲೋನ್ ಕೆಥೆಡ್ರಲ್: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿಗೆ ಹೊರಟವರು, ಅಲ್ಲಿ ಓದುವ ಮಕ್ಕಳನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರು, ಹಳೇ ಕಟ್ಟಡಗಳ ಹುಚ್ಚಿರುವವರು. ಇವರೆಲ್ಲ ಕಲೋನ್‌ನ ದೊಡ್ಡ ಚರ್ಚಿನ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಸುಲಭದ್ದನ್ನು ಮೊದಲು ಇಟ್ಟಿದ್ದೇನೆ, ತಲೆ ಕೆರೆದುಕೊಳ್ಳುವಂಥದ್ದು ಕೊನೆಗಿದೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಅರ್ಥವಾಗುತ್ತದೆ.

## ಮೊದಲ ಪರಿಚಯ

ಕಲೋನ್ ಸ್ಟೇಷನ್ನಿಂದ ಹೊರಗೆ ಬಂದ್ರೆ ಎದುರಿಗೇ ಒಂದು ಕಪ್ಪು ಚರ್ಚು ನಿಂತಿರುತ್ತಲ್ಲ, ಅದೇನು?

ಅದೇ ಕಲೋನ್ ಕೆಥೆಡ್ರಲ್. ಊರಿನವರು 'ಡೋಮ್' ಅಂತಷ್ಟೇ ಕರೆಯುತ್ತಾರೆ. ರೈನ್ ನದಿಯ ದಂಡೆಯಲ್ಲಿರುವ ಈ ಊರು ನಮ್ಮ ಹಳೇ ಮನೆಗಳಲ್ಲಿ ತಲೆನೋವಿಗೆ ಹಚ್ಚುತ್ತಿದ್ದ ಓಡಿಕಲೋನ್ ಹುಟ್ಟಿದ ಊರು ಕೂಡ. ಚರ್ಚು ಸಂತ ಪೇತ್ರನ ಹೆಸರಿನಲ್ಲಿದೆ. ಕಲೋನ್‌ನ ಆರ್ಚ್‌ಬಿಷಪ್ಪರ ಪೀಠ ಇರುವುದು ಇಲ್ಲೇ. ಉದ್ದ ಸುಮಾರು 144 ಮೀಟರ್, ಅವಳಿ ಗೋಪುರಗಳ ಎತ್ತರ 157 ಮೀಟರ್. ಉತ್ತರದ ಗೋಪುರ ದಕ್ಷಿಣದ್ದಕ್ಕಿಂತ 7 ಸೆಂಟಿಮೀಟರ್ ಎತ್ತರ. ಕಣ್ಣಿಗಂತೂ ಗೊತ್ತಾಗಲ್ಲ. 1996ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಇದನ್ನು ಕಟ್ಟೋಕೆ 632 ವರ್ಷ ಹಿಡೀತಂತೆ, ನಿಜವಾ?

ಲೆಕ್ಕ ಸರಿ, ಅರ್ಥ ಅರ್ಧ ಸರಿ. ಅಡಿಗಲ್ಲು ಹಾಕಿದ್ದು 1248ರ ಆಗಸ್ಟ್ 15ರಂದು. ಕೆಲಸ ಮುಗಿಯಿತೆಂದು ಹಬ್ಬ ಮಾಡಿದ್ದು 1880ರ ಅಕ್ಟೋಬರ್ 15ರಂದು. ಆದರೆ ಅಷ್ಟೂ ಕಾಲ ಉಳಿಯ ಸದ್ದು ಕೇಳುತ್ತಿರಲಿಲ್ಲ. ಮೊದಲ ಮುನ್ನೂರು ವರ್ಷ ಕೆಲಸ ನಡೆಯಿತು, ಅದೂ ಬರಬರುತ್ತಾ ನಿಧಾನವಾಗಿ. ಆಮೇಲೆ ಸುಮಾರು 280 ವರ್ಷ ಪೂರ್ತಿ ಬಂದ್. ಕೊನೆಯ 38 ವರ್ಷಗಳಲ್ಲಿ ಭರದಿಂದ ಮುಗಿಸಿದರು. ಇದನ್ನು ನೆನಪಿಟ್ಟುಕೊಂಡು ಹೋದರೆ ಕಟ್ಟಡ ಬೇರೆಯದೇ ಥರ ಕಾಣುತ್ತದೆ.

ಯಾಕಿಷ್ಟು ಕಪ್ಪು? ಯಾರೂ ತೊಳೆಯಲ್ವಾ?

ಕಟ್ಟಿದಾಗ ಕಪ್ಪಿರಲಿಲ್ಲ. ಕಲ್ಲಿದ್ದಲಿನ ಹೊಗೆ, ಕಾರ್ಖಾನೆಗಳ ಗಂಧಕ, ಪಕ್ಕದಲ್ಲೇ ಓಡುತ್ತಿದ್ದ ಉಗಿ ಎಂಜಿನ್ನುಗಳು ಎಲ್ಲ ಸೇರಿ ಹೀಗೆ ಮಾಡಿವೆ. ಇದು ಬರೀ ಮಸಿಯಾಗಿದ್ದರೆ ಒರೆಸಬಹುದಿತ್ತು. ಗಂಧಕ ಬೆರೆತ ಮಳೆನೀರು ಕಲ್ಲಿನ ಸುಣ್ಣದ ಅಂಶದ ಜೊತೆ ಸೇರಿ ಮೇಲೆ ಜಿಪ್ಸಂ ಪದರ ಕಟ್ಟುತ್ತದೆ. ಮಸಿ ಅದರೊಳಗೆ ಕೂತುಬಿಡುತ್ತದೆ. ಇಡೀ ಕಟ್ಟಡದಲ್ಲಿ ಹತ್ತಾರು ಬಗೆಯ ಕಲ್ಲುಗಳಿವೆ, ಒಂದೊಂದರ ಸ್ವಭಾವ ಒಂದೊಂದು. ಹಾಗಾಗಿ ಎಲ್ಲಕ್ಕೂ ಒಂದೇ ಸಲ ಪೈಪ್ ಹಿಡಿದು ತೊಳೆಯುವ ಮಾತೇ ಇಲ್ಲ. ನನಗಂತೂ ಕಪ್ಪೇ ಚೆಂದ. ಮಳೆ ಬಂದಾಗ ಹೋಗಿ ನೋಡಿ.

ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚು ಇದರ ಕಾಪಿನಾ?

ಕಾಪಿ ಅಲ್ಲ, ಆದರೆ ಮಾದರಿ ಇದೇ. ಮೈಸೂರಿನ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು 1933ರಲ್ಲಿ, ಅಂದರೆ ಕಲೋನ್ ಮುಗಿದು ಅರ್ಧ ಶತಮಾನ ಕಳೆದ ಮೇಲೆ. ಮುಂಭಾಗದ ಅವಳಿ ಗೋಪುರ, ಚೂಪು ಕಮಾನು, ಶಿಲುಬೆಯಾಕಾರದ ತಳವಿನ್ಯಾಸ, ಬಣ್ಣದ ಗಾಜು ಎಲ್ಲದರಲ್ಲೂ ಕಲೋನ್ ನೆರಳಿದೆ. ಎತ್ತರ ಮಾತ್ರ 175 ಅಡಿ, ಕಲೋನ್‌ನ ಮೂರನೇ ಒಂದು ಭಾಗ. ನಿಜವಾದ ವ್ಯತ್ಯಾಸ ಗೊತ್ತಾಗಬೇಕಾದರೆ ಕಟ್ಟಡದ ಹಿಂಭಾಗಕ್ಕೆ ಹೋಗಬೇಕು. ಕಲೋನ್‌ನಲ್ಲಿ ಅಲ್ಲಿ ಗೋಡೆಗೆ ಹೊರಗಿನಿಂದ ಆಸರೆ ಕೊಡುವ ಕಲ್ಲಿನ ಊರೆಗಳ ಒಂದು ಕಾಡೇ ಇದೆ. ಮೈಸೂರಿನಲ್ಲಿ ಅಷ್ಟು ಭಾರವೂ ಇಲ್ಲ, ಅದರ ಅಗತ್ಯವೂ ಇಲ್ಲ.

ಗೋಪುರಕ್ಕೆ ಲಿಫ್ಟ್ ಇದೆಯಾ? ಅಮ್ಮನಿಗೆ ಮಂಡಿ ನೋವು.

ಪ್ರವಾಸಿಗರಿಗೆ ಲಿಫ್ಟ್ ಇಲ್ಲ. ದಕ್ಷಿಣ ಗೋಪುರದಲ್ಲಿ 533 ಮೆಟ್ಟಿಲು ಹತ್ತಿದರೆ 97 ಮೀಟರ್ ಎತ್ತರದ ಜಗಲಿ ಸಿಗುತ್ತದೆ. ಬಹುಪಾಲು ಇಕ್ಕಟ್ಟಾದ ಸುರುಳಿ ಮೆಟ್ಟಿಲು. ಹತ್ತುವವರು ಇಳಿಯುವವರು ಒಬ್ಬರಿಗೊಬ್ಬರು ಗೋಡೆಗೆ ಒತ್ತಿಕೊಂಡು ಜಾಗ ಬಿಡಬೇಕು. ಅಮ್ಮನನ್ನು ಚರ್ಚಿನ ಒಳಗೆ ಬೆಂಚಿನ ಮೇಲೆ ಕೂರಿಸಿ. ಚೆನ್ನಾಗಿರೋದೆಲ್ಲ ಕೆಳಗೇ ಇದೆ.

## ಕಟ್ಟಿದ ಕಥೆ

ಒಂದು ಊರಿಗೆ ಇಷ್ಟು ದೊಡ್ಡ ಚರ್ಚು ಕಟ್ಟುವ ಹುಚ್ಚು ಯಾಕೆ ಹತ್ತಿತು?

ಮೂಳೆಗಳಿಂದ. 1164ರಲ್ಲಿ ಕಲೋನ್‌ನ ಆರ್ಚ್‌ಬಿಷಪ್ ರೈನಾಲ್ಡ್ ಫಾನ್ ಡಾಸೆಲ್ ಇಟಲಿಯ ಮಿಲಾನ್‌ನಿಂದ ಒಂದು ಗಂಟು ತಂದ. ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೋಸ್ಸಾ ಮಿಲಾನನ್ನು ಸೋಲಿಸಿ ಇವನಿಗೆ ಕೊಟ್ಟ ಬಳುವಳಿ ಅದು. ಬಾಲಯೇಸುವನ್ನು ನೋಡಲು ನಕ್ಷತ್ರ ಹಿಡಿದು ಬಂದರಲ್ಲ, ಆ ಮೂವರು ಜ್ಞಾನಿಗಳ ಮೂಳೆಗಳು ಅದರಲ್ಲಿದ್ದವು ಎಂಬುದು ನಂಬಿಕೆ. ಅಲ್ಲಿಂದ ಕಲೋನ್ ದೊಡ್ಡ ಯಾತ್ರಾಸ್ಥಳವಾಯಿತು. ಊರಿನ ಲಾಂಛನದಲ್ಲಿ ಇವತ್ತಿಗೂ ಮೂರು ಕಿರೀಟಗಳಿವೆ. ಜರ್ಮನಿಯ ರಾಜರು ಪಟ್ಟಾಭಿಷೇಕ ಆದ ಮೇಲೆ ಇಲ್ಲಿಗೆ ಬಂದು ಕೈಮುಗಿಯುತ್ತಿದ್ದರು.

ಆಗ ಇದ್ದದ್ದು 9ನೇ ಶತಮಾನದ ಹಳೇ ಚರ್ಚು. ಅಷ್ಟೊಂದು ಜನಕ್ಕೆ ಅದು ಸಾಲಲಿಲ್ಲ. ಜೊತೆಗೆ ಫ್ರಾನ್ಸ್‌ನಲ್ಲಿ ಗೋಥಿಕ್ ಎಂಬ ಹೊಸ ಶೈಲಿಯ, ಚೂಪು ಕಮಾನಿನ ಎತ್ತರದ ಚರ್ಚುಗಳು ಏಳುತ್ತಿದ್ದವು, ಆರ್ಚ್‌ಬಿಷಪ್ ಕೊನ್ರಾಡ್ ಫಾನ್ ಹೋಖ್‌ಸ್ಟಾಡನ್‌ಗೆ ತಾನೂ ಹಿಂದೆ ಬೀಳಬಾರದು ಅನ್ನಿಸಿತು. 1248ರ ಏಪ್ರಿಲ್‌ನಲ್ಲಿ ಹಳೇ ಚರ್ಚಿನ ಪೂರ್ವ ಭಾಗವನ್ನಷ್ಟೇ ಬೆಂಕಿ ಹಾಕಿ ಕೆಡವಲು ಹೊರಟರು. ಬೆಂಕಿ ಕೈಮೀರಿ ಹೆಚ್ಚುಕಮ್ಮಿ ಇಡೀ ಚರ್ಚೇ ಸುಟ್ಟಿತು. ಮೂರೂವರೆ ತಿಂಗಳಲ್ಲಿ ಹೊಸದಕ್ಕೆ ಅಡಿಗಲ್ಲು ಬಿತ್ತು.

ಮೂವರು ಜ್ಞಾನಿಗಳ ಮೂಳೆ ಅಂತ ಚಿನ್ನದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರಲ್ಲ, ಅದು ನಿಜವಾಗ್ಲೂ ಅವರದೇನಾ?

ಯಾರ ಮೂಳೆ ಅಂತ ವಿಜ್ಞಾನ ಹೇಳಲಾರದು. 1864ರಲ್ಲಿ ಪೆಟ್ಟಿಗೆ ತೆರೆದಾಗ ಮೂವರ ಮೂಳೆಗಳು ಸಿಕ್ಕಿದ್ದು ನಿಜ. ಅದರ ಜೊತೆಗಿದ್ದ ಬಟ್ಟೆಯ ಚೂರುಗಳು ರೋಮನ್ನರ ಕಾಲದಷ್ಟು ಹಳೆಯವು. ಅಂದರೆ ಮಿಲಾನ್‌ನವರು ಯಾವುದೋ ಎಲುಬು ಕೊಟ್ಟು ಸಾಗಹಾಕಿರಲಿಲ್ಲ, ತುಂಬಾ ಹಿಂದಿನಿಂದ ಜೋಪಾನ ಮಾಡಿದ್ದನ್ನೇ ಕಳೆದುಕೊಂಡಿದ್ದರು ಎಂದಷ್ಟೇ ಹೇಳಬಹುದು. 20ನೇ ಶತಮಾನದ ಆರಂಭದಲ್ಲಿ ಕೆಲವು ಮೂಳೆಗಳನ್ನು ಮಿಲಾನ್‌ಗೆ ವಾಪಸ್ ಕೊಟ್ಟರು.

ಪೆಟ್ಟಿಗೆಯ ವಿಷಯಕ್ಕೆ ಬಂದರೆ ಅನುಮಾನವೇ ಇಲ್ಲ. ನಿಕೋಲಸ್ ಆಫ್ ವರ್ಡನ್ ಎಂಬ ಅಕ್ಕಸಾಲಿಗ ಶುರು ಮಾಡಿ, ಸುಮಾರು 1190ರಿಂದ 1225ರವರೆಗೆ ಮಾಡಿದ ಕೆಲಸ ಅದು. 2.2 ಮೀಟರ್ ಉದ್ದ, ಒಂದೂವರೆ ಮೀಟರ್ ಎತ್ತರ, ಸಾವಿರಕ್ಕೂ ಜಾಸ್ತಿ ಹರಳುಗಳು. ಈ ಪೆಟ್ಟಿಗೆ ಚರ್ಚಿಗಿಂತ ಹಳೆಯದು. ಪೆಟ್ಟಿಗೆಗಾಗಿ ಚರ್ಚು ಕಟ್ಟಿದ್ದು.

ನಡುವೆ ಕೆಲಸ ನಿಂತಿದ್ದು ಯಾಕೆ?

ದುಡ್ಡು ಬತ್ತಿತು, ಮನಸ್ಸೂ ಬತ್ತಿತು. ಬಲಿಪೀಠ ಇರುವ ಪೂರ್ವ ಭಾಗ, ಅಂದರೆ ಕ್ವಾಯರ್, 1322ಕ್ಕೆ ಸಿದ್ಧವಾಯಿತು. ಪಶ್ಚಿಮಕ್ಕೆ ಒಂದು ತಾತ್ಕಾಲಿಕ ಗೋಡೆ ಎಬ್ಬಿಸಿ ಪೂಜೆ ಶುರು ಮಾಡಿದರು. ಮುಖ್ಯ ಕೆಲಸ ಆಯ್ತಲ್ಲ, ಉಳಿದದ್ದು ನಿಧಾನಕ್ಕೆ ಆಗುತ್ತದೆ ಎಂಬ ಧೋರಣೆ ಬಂತು. ಕಟ್ಟಿಸಿದವರಿಗೆಲ್ಲ ಗೊತ್ತಿರುವ ಕಥೆ ಇದು, ಗೃಹಪ್ರವೇಶ ಆದ ಮೇಲೆ ಮಹಡಿ ಏಳಲ್ಲ. 16ನೇ ಶತಮಾನದಲ್ಲಿ ಕ್ಯಾಥೊಲಿಕ್ ಚರ್ಚಿನ ವಿರುದ್ಧ ಲೂಥರನ ಸುಧಾರಣೆ ಬಂತು, ಯಾತ್ರಿಕರ ಕಾಣಿಕೆ ಇಳಿಯಿತು, ಗೋಥಿಕ್ ಶೈಲಿಯೇ ಹಳತಾಯಿತು. 1560ರಲ್ಲಿ ಚರ್ಚಿನ ಆಡಳಿತ ಮಂಡಳಿ ಕೊನೆಗೂ ಹಣ ನಿಲ್ಲಿಸಿತು.

ಆಗ ದಕ್ಷಿಣ ಗೋಪುರ ಬರೀ 60 ಮೀಟರಿನ ಹತ್ತಿರ ಬಂದಿತ್ತು. ಅದರ ನೆತ್ತಿಯ ಮೇಲೆ ಕಲ್ಲೆತ್ತುವ ಮರದ ದೊಡ್ಡ ಕ್ರೇನು ಹಾಗೇ ಉಳಿಯಿತು. ಒಂದೆರಡು ವರ್ಷ ಅಲ್ಲ, 1868ರವರೆಗೂ. ಆ ಕಾಲದ ಯಾವುದೇ ಚಿತ್ರ ನೋಡಿ, ಊರಿನ ನಡುವೆ ಮೊಂಡು ಗೋಪುರ, ಅದರ ಮೇಲೆ ಕತ್ತು ಚಾಚಿದ ಕ್ರೇನು. 'ಡೋಮ್ ಮುಗಿದ ದಿನ ಲೋಕ ಮುಳುಗುತ್ತೆ' ಎಂದು ಊರವರು ನಗುತ್ತಿದ್ದುದು ಇದಕ್ಕೇ. 1794ರಲ್ಲಿ ಫ್ರೆಂಚ್ ಸೇನೆ ಬಂದಾಗ ಅರ್ಧ ಚರ್ಚು ಕುದುರೆ ಮೇವಿನ ಉಗ್ರಾಣವಾಯಿತು.

ಅಷ್ಟು ವರ್ಷ ಆದಮೇಲೆ ಹಳಬರ ಪ್ಲಾನ್ ಹೇಗೆ ಸಿಕ್ತು?

ಇದು ಈ ಕಟ್ಟಡದ ಅತ್ಯಂತ ಸೊಗಸಾದ ಕಥೆ. ಪಶ್ಚಿಮದ ಮುಂಭಾಗಕ್ಕೆ ಮಧ್ಯಯುಗದ ಮೇಸ್ತ್ರಿಗಳು ಚರ್ಮಪತ್ರದ ಮೇಲೆ ಶಾಯಿಯಲ್ಲಿ ಒಂದು ನಕ್ಷೆ ಬರೆದಿದ್ದರು. 1300ರ ಆಸುಪಾಸಿನದು, 4 ಮೀಟರಿಗಿಂತ ಎತ್ತರ. ಫ್ರೆಂಚರ ಗಲಾಟೆಯಲ್ಲಿ ಅದು ಎರಡು ಹೋಳಾಗಿ ಕಾಣೆಯಾಯಿತು. 1814ರಲ್ಲಿ ಒಂದು ಹೋಳು ಡಾರ್ಮ್‌ಸ್ಟಾಟ್ ಊರಿನ ಒಂದು ಛತ್ರದ ಅಟ್ಟದಲ್ಲಿ ಸಿಕ್ಕಿತು. ಅದನ್ನು ಚೌಕಟ್ಟಿಗೆ ಬಿಗಿದು ಮೇಲೆ ಬೀನ್ಸ್ ಒಣಹಾಕುತ್ತಿದ್ದರಂತೆ! ವಾಸ್ತುಶಿಲ್ಪಿ ಗೇಯಾರ್ಗ್ ಮೋಲರ್ ಅದು ಏನೆಂದು ಗುರುತಿಸಿದ. ಇನ್ನೊಂದು ಹೋಳು 1816ರಲ್ಲಿ ಪ್ಯಾರಿಸ್‌ನಲ್ಲಿ ಜುಲ್ಪಿಟ್ಸ್ ಬಾಸೆರೇ ಕೈಗೆ ಸಿಕ್ಕಿತು. ಕಲೋನ್‌ನ ಈ ವ್ಯಾಪಾರಿ ಮನೆತನದ ಯುವಕ ಆ ಹೊತ್ತಿಗಾಗಲೇ ಚರ್ಚನ್ನು ಮುಗಿಸಲೇಬೇಕೆಂದು ಹಟ ಹಿಡಿದಿದ್ದ. ಸಿಕ್ಕ ಸಿಕ್ಕ ರಾಜರ, ಕವಿಗಳ ಬೆನ್ನು ಬಿದ್ದಿದ್ದ.

ಎರಡೂ ಹೋಳು ಜೋಡಿಸಿದ ಆ ನಕ್ಷೆ ಈಗ ಚರ್ಚಿನೊಳಗೇ, ಸಂತ ಯೋಹಾನನ ಪ್ರಾರ್ಥನಾ ಕೋಣೆಯಲ್ಲಿದೆ. ಬೆಳಕಿಗೆ ಹಾಳಾಗದಂತೆ ಮುಂದೆ ಪರದೆ ಇಳಿಬಿಟ್ಟಿರುತ್ತಾರೆ. ಅಡಿಗಲ್ಲು ಹಾಕಿದ ಕೊನ್ರಾಡನ ಸಮಾಧಿಯೂ ಅದೇ ಕೋಣೆಯಲ್ಲಿ.

ಮತ್ತೆ ಕಟ್ಟೋಕೆ ದುಡ್ಡು ಯಾರು ಕೊಟ್ರು?

ಆಗ ಕಲೋನನ್ನು ಆಳುತ್ತಿದ್ದ ಪ್ರಷ್ಯಾ ರಾಜ್ಯದ ಸರ್ಕಾರ ಮತ್ತು ಜನ, ಎರಡೂ ಕಡೆಯಿಂದ. 1842ರ ಸೆಪ್ಟೆಂಬರ್ 4ರಂದು ರಾಜ ನಾಲ್ಕನೇ ಫ್ರೆಡ್ರಿಕ್ ವಿಲ್ಹೆಲ್ಮ್ ಮತ್ತೆ ಅಡಿಗಲ್ಲು ಹಾಕಿದ. ಅದೇ ವರ್ಷ ಚಂದಾ ಎತ್ತಲು ಊರಿನವರ ಸಂಘ ಹುಟ್ಟಿತು. ಅದು ಇವತ್ತಿಗೂ ಚರ್ಚಿನ ರಿಪೇರಿಗೆ ಹಣ ಕೂಡಿಸುತ್ತಿದೆ. 1860ರ ದಶಕದಲ್ಲಿ ಚಂದಾ ಸಾಲದೆ ಲಾಟರಿ ಶುರು ಮಾಡಿದರು, ಗೋಪುರ ಎದ್ದಿದ್ದು ಆ ಲಾಟರಿ ದುಡ್ಡಿನಲ್ಲಿ. ಜರ್ಮನ್ ಕವಿ ಹೈನೆ ಮೊದಲು ಈ ಚರ್ಚಿಗಾಗಿ ಪ್ಯಾರಿಸ್‌ನಲ್ಲಿದ್ದ ಸಹಾಯ ಸಂಘದಲ್ಲಿದ್ದವನು, 1844ರ ಹೊತ್ತಿಗೆ ಇದು ಮುಗಿಯುವುದೇ ಇಲ್ಲ ಎಂದು ಪದ್ಯದಲ್ಲಿ ಗೇಲಿ ಮಾಡಿದ.

ಮುಗಿದ ದಿನದ ಹಬ್ಬ ಸ್ವಲ್ಪ ಕಹಿಯಾಗಿತ್ತು. ಸರ್ಕಾರಕ್ಕೂ ಕ್ಯಾಥೊಲಿಕ್ ಚರ್ಚಿಗೂ ಜಟಾಪಟಿ ನಡೆಯುತ್ತಿದ್ದ ಕಾಲ. ಚರ್ಚಿನ ಆರ್ಚ್‌ಬಿಷಪ್ಪರೇ ದೇಶಭ್ರಷ್ಟರಾಗಿ ಹೊರಗಿದ್ದರು, ಪ್ರಾಟೆಸ್ಟಂಟ್ ಚಕ್ರವರ್ತಿ ಮೊದಲನೇ ವಿಲ್ಹೆಲ್ಮ್ ಮುಂದೆ ಕೂತಿದ್ದ.

ಎರಡನೇ ಮಹಾಯುದ್ಧದಲ್ಲಿ ಊರೆಲ್ಲ ನೆಲಸಮ ಆಯ್ತು. ಇದೊಂದು ಹೇಗೆ ಉಳೀತು?

'ವಿಮಾನದವರಿಗೆ ದಾರಿ ಗುರುತಿಗೆ ಬೇಕಿತ್ತು, ಅದಕ್ಕೇ ಬಿಟ್ಟರು' ಅಂತ ಎಲ್ಲ ಗೈಡುಗಳೂ ಹೇಳುತ್ತಾರೆ. ನಾನು ಪೂರ್ತಿ ಒಪ್ಪಲ್ಲ. ಪಕ್ಕದಲ್ಲೇ ರೈಲ್ವೆ ಸ್ಟೇಷನ್ನು, ಅದರಾಚೆ ಸೇತುವೆ. ಅಷ್ಟು ಎತ್ತರದಿಂದ, ಅದೂ ರಾತ್ರಿ, ಒಂದಕ್ಕೆ ಹೊಡೆದು ಇನ್ನೊಂದನ್ನು ಬಿಡುವುದು ಆಗದ ಮಾತು. ಬಿಟ್ಟೂ ಇರಲಿಲ್ಲ, 14 ದೊಡ್ಡ ಬಾಂಬುಗಳು ಚರ್ಚಿಗೇ ಬಿದ್ದವು. ಛಾವಣಿಯ ಕಮಾನುಗಳು ಹಲವೆಡೆ ಕುಸಿದವು.

ಉಳಿದದ್ದಕ್ಕೆ ಕಟ್ಟಡದಲ್ಲೇ ಕಾರಣವಿದೆ. ಇದರ ಗೋಡೆ ಅಂದರೆ ಬಹುಪಾಲು ಕಿಟಕಿ. ಸ್ಫೋಟದ ಗಾಳಿ ಗಾಜು ಒಡೆದುಕೊಂಡು ಹೊರಗೆ ಹೋಯಿತು, ಕಂಬಗಳು ನಿಂತವು. ಹಳೇ ಗಾಜುಗಳನ್ನು ಮೊದಲೇ ಬಿಚ್ಚಿ ಸುರಕ್ಷಿತವಾಗಿ ಇಟ್ಟಿದ್ದರು. ಮೇಲ್ಛಾವಣಿಯ ಹಂದರ 19ನೇ ಶತಮಾನದಲ್ಲಿ ಕಬ್ಬಿಣದಿಂದ ಮಾಡಿದ್ದು. ಅದು ಮರದ್ದಾಗಿದ್ದರೆ ಬೆಂಕಿ ಬಾಂಬಿಗೆ ಒಂದೇ ರಾತ್ರಿಯಲ್ಲಿ ಹೋಗುತ್ತಿತ್ತು. 1943ರಲ್ಲಿ ಉತ್ತರ ಗೋಪುರದ ಬುಡದ ಕಂಬಕ್ಕೆ ಏಟು ಬಿದ್ದು ದೊಡ್ಡ ಗವಿಯಾದಾಗ ಅವಸರದಲ್ಲಿ ಇಟ್ಟಿಗೆ ತುಂಬಿದರು. ಆ ಇಟ್ಟಿಗೆ ತೇಪೆ 2005ರವರೆಗೂ ಕಾಣುತ್ತಿತ್ತು, ಆಮೇಲೆ ಕಲ್ಲು ಹೊದಿಸಿದರು. ಹಾಗೇ ಬಿಡಬೇಕಿತ್ತು ಅನ್ನುವವರು ಬಹಳ ಜನ. ನಾನೂ ಅವರ ಪೈಕಿ.

## ಕಲ್ಲು, ಕಮಾನು, ಗಾಜು

ಸಿಮೆಂಟ್ ಕಾಂಕ್ರೀಟ್ ಇಲ್ದೆ 43 ಮೀಟರ್ ಎತ್ತರದಲ್ಲಿ ಕಲ್ಲಿನ ಛಾವಣಿ ಹೇಗೆ ನಿಲ್ಲುತ್ತೆ?

ಕಲ್ಲಿನ ಕಮಾನು ಕೆಳಗೆ ಬೀಳುವುದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ಒತ್ತುತ್ತದೆ, ಗೋಡೆಯನ್ನು ಹೊರಗೆ ತಳ್ಳುತ್ತದೆ. ಹಳೇ ಕಾಲದವರು ಇದಕ್ಕೆ ದಪ್ಪ ಗೋಡೆ, ಸಣ್ಣ ಕಿಟಕಿ ಇಟ್ಟರು. ಗೋಥಿಕ್ ಮೇಸ್ತ್ರಿಗಳು ಮೂರು ಉಪಾಯ ಒಟ್ಟಿಗೆ ಹೂಡಿದರು. ಮೊದಲನೆಯದು ಚೂಪು ಕಮಾನು. ಅರ್ಧವೃತ್ತದ ಕಮಾನಿಗಿಂತ ಪಕ್ಕದ ಒತ್ತಡ ಕಮ್ಮಿ, ಅಗಲ ಎಷ್ಟೇ ಇದ್ದರೂ ಎತ್ತರ ಹೊಂದಿಸಿಕೊಳ್ಳಬಹುದು. ಎರಡನೆಯದು ಕಲ್ಲಿನ ಪಟ್ಟಿಗಳು. ಛಾವಣಿಯ ಅಡಿಯಲ್ಲಿ ಓಡುವ ಈ ಪಟ್ಟಿಗಳ ಗುಂಟ ಭಾರ ಇಳಿದು ಕಂಬದ ತಲೆಗೆ ಬಂದು ಕೂರುತ್ತದೆ, ನಡುವಿನ ಗೋಡೆಗೆ ಹೊರೆಯೇ ಇಲ್ಲ. ಮೂರನೆಯದು ಫ್ಲೈಯಿಂಗ್ ಬಟ್ರೆಸ್. ಪಕ್ಕದ ಹಜಾರಗಳ ಮೇಲಿಂದ ಹಾರಿ ಬಂದು ಮುಖ್ಯ ಗೋಡೆಗೆ ಹೊರಗಿನಿಂದ ಊರೆ ಕೊಡುವ ಅರೆ ಕಮಾನುಗಳು ಇವು. ಒಳಗಿಂದ ಬರುವ ಒತ್ತಡವನ್ನು ಹೊರಗಿನ ದಪ್ಪ ಕಂಬಕ್ಕೆ ದಾಟಿಸಿ ನೆಲಕ್ಕೆ ಇಳಿಸುತ್ತವೆ. ಆ ಕಂಬಗಳ ತಲೆ ಮೇಲಿನ ಚೂಪು ಕಳಶಗಳು ಬರೀ ಚೆಂದಕ್ಕಲ್ಲ, ಅವುಗಳ ಭಾರವೂ ಕಂಬವನ್ನು ಒತ್ತಿ ಹಿಡಿಯಲು ಬೇಕು.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸ್‌ನ ಬೋವೇ ಚರ್ಚಿದೆ. 48 ಮೀಟರ್ ಎತ್ತರಕ್ಕೆ ಹೋಗಿ 1284ರಲ್ಲಿ ಅದರ ಛಾವಣಿಯ ಒಂದು ಭಾಗ ಬಿತ್ತು. ಕಲೋನ್‌ನ ಮೊದಲ ಮೇಸ್ತ್ರಿ ಗೆರ್ಹಾರ್ಡ್ ಫ್ರಾನ್ಸ್‌ನದೇ ಆದ ಆಮಿಯನ್ ಊರಿನ ಚರ್ಚನ್ನು ಚೆನ್ನಾಗಿ ಓದಿಕೊಂಡವನು. ಅದಕ್ಕಿಂತ ಒಂದೇ ಮೀಟರ್ ಮೇಲೆ ಹೋಗಿ ನಿಲ್ಲಿಸಿದ.

ಯಾವುದು ಮಧ್ಯಯುಗದ್ದು, ಯಾವುದು ಆಮೇಲಿನದು ಅಂತ ನೋಡಿದ್ರೆ ಗೊತ್ತಾಗುತ್ತಾ?

ಗೊತ್ತಾಗುತ್ತದೆ, ಕಲ್ಲಿನ ಹತ್ತಿರ ಹೋದರೆ. ಮಧ್ಯಯುಗದವರು ಬಳಸಿದ್ದು ಟ್ರಾಕೈಟ್ ಎಂಬ ಜ್ವಾಲಾಮುಖಿ ಕಲ್ಲು. ರೈನ್ ನದಿಯ ಮೇಲ್ದಂಡೆಯ ಡ್ರಾಖೆನ್‌ಫೆಲ್ಸ್ ಬೆಟ್ಟದಿಂದ ದೋಣಿಯಲ್ಲಿ ಬರುತ್ತಿತ್ತು. ಬೂದು ಬಣ್ಣದ ಆ ಕಲ್ಲಿನಲ್ಲಿ ಬೆರಳಿನ ಗೆಣ್ಣಷ್ಟು ದೊಡ್ಡ, ಉದ್ದುದ್ದ ಬಿಳಿ ಹರಳುಗಳು ಸಿಕ್ಕಿಕೊಂಡಿರುತ್ತವೆ. ಓರೆಯಾಗಿ ಬೆಳಕು ಬಿದ್ದರೆ ಮಿಣುಕುತ್ತವೆ. ಕ್ವಾಯರ್ ಭಾಗದ ಕಂಬದ ಬುಡದಲ್ಲಿ ಬಗ್ಗಿ ನೋಡಿ. 19ನೇ ಶತಮಾನದ ಹೊತ್ತಿಗೆ ಆ ಬೆಟ್ಟ ಸಿಗಲಿಲ್ಲ. ತುದಿಯ ಕೋಟೆಯೇ ಕುಸಿದೀತೆಂದು 1836ರಲ್ಲಿ ಪ್ರಷ್ಯಾ ಸರ್ಕಾರ ಅದನ್ನು ಕೊಂಡು ಗಣಿಗಾರಿಕೆ ನಿಲ್ಲಿಸಿತ್ತು. ಹಾಗಾಗಿ ಹೊಸ ಭಾಗಕ್ಕೆ ಬೇರೆ ಕಡೆಯ ಮರಳುಗಲ್ಲುಗಳು ಬಂದವು.

ದಿಕ್ಕಿನ ಲೆಕ್ಕದಲ್ಲಿ ಹೇಳಬೇಕಾದರೆ, ಪೂರ್ವದ ಕ್ವಾಯರ್ ಪೂರ್ತಿ ಮತ್ತು ದಕ್ಷಿಣ ಗೋಪುರದ ಕೆಳಗಿನ ಭಾಗ ಮಧ್ಯಯುಗದ್ದು. ಎರಡು ಶಿಖರಗಳು, ಶಿಲುಬೆಯಾಕಾರದ ಕಟ್ಟಡದ ಅಡ್ಡ ತೋಳುಗಳ ಮುಂಭಾಗ, ನಡು ಹಜಾರದ ಮೇಲ್ಭಾಗ ಎಲ್ಲ 1842ರ ನಂತರದ್ದು. ಚೌಕದಲ್ಲಿ ನಿಂತು ಎಲ್ಲರೂ ಸೆಲ್ಫಿ ತೆಗೆಯುವುದು ಬಹುಪಾಲು ನಮ್ಮ ಮುತ್ತಜ್ಜಂದಿರ ಕಾಲದ ಕಟ್ಟಡದ ಜೊತೆ!

ನನ್ನ ಹತ್ರ ಒಂದೇ ಗಂಟೆ ಇದೆ, ಏನು ನೋಡಲಿ?

ಗೋಪುರ ಬಿಡಿ. ಸೀದಾ ಒಳಗೆ ಪೂರ್ವದ ಕಡೆ ನಡೆಯಿರಿ. ಕ್ವಾಯರ್‌ನ ಎತ್ತರ ಅದರ ಅಗಲದ ಮೂರೂವರೆ ಪಟ್ಟಿಗೂ ಜಾಸ್ತಿ, ತಲೆ ಎತ್ತಿದರೆ ಕತ್ತು ನೋಯುತ್ತದೆ. ಚಿನ್ನದ ಪೆಟ್ಟಿಗೆ ಅಲ್ಲೇ ಇದೆ. ಅದಾದ ಮೇಲೆ ಎಡಗಡೆಗೆ ಹೋಗಿ ಗೆರೋ ಶಿಲುಬೆ ನೋಡಿ. ಸುಮಾರು 970ರ ಓಕ್ ಮರದ ಕೆತ್ತನೆ, ಆಳೆತ್ತರದ್ದು. ಯುರೋಪಿನಲ್ಲಿ ಇಂಥ ದೊಡ್ಡ ಶಿಲುಬೆ ಮೂರ್ತಿಗಳ ಪೈಕಿ ಉಳಿದಿರುವ ಅತಿ ಹಳೆಯವುಗಳಲ್ಲಿ ಇದೂ ಒಂದು. ಗೆದ್ದ ದೇವರಲ್ಲ, ಸತ್ತ ಮನುಷ್ಯ ಅದು. ಕಣ್ಣು ಮುಚ್ಚಿದೆ, ತಲೆ ಎದೆ ಮೇಲೆ ಬಿದ್ದಿದೆ, ಭುಜ ಎಳೆದು ಹೊಟ್ಟೆ ಜೋತಿದೆ. ಆಮೇಲೆ ಬಲಗಡೆ ಸ್ಟೀಫನ್ ಲೋಖ್ನರ್‌ನ 1440ರ ದಶಕದ ವರ್ಣಚಿತ್ರ. ಇಷ್ಟರಲ್ಲಿ ನಿಮ್ಮ ಗಂಟೆ ಮುಗಿದಿರುತ್ತದೆ.

ಒಂದು ಕಿಟಕಿ ಕಂಪ್ಯೂಟರ್ ಸ್ಕ್ರೀನ್ ಕೆಟ್ಟಹಾಗಿದೆ. ಹಳೇ ಚರ್ಚಲ್ಲಿ ಅದೇನು?

ಅದು ದಕ್ಷಿಣ ತೋಳಿನ ಕಿಟಕಿ, ಕಲಾವಿದ ಗೆರ್ಹಾರ್ಡ್ ರಿಕ್ಟರ್ 2007ರಲ್ಲಿ ಮಾಡಿದ್ದು. ಅಲ್ಲಿದ್ದ 19ನೇ ಶತಮಾನದ ಗಾಜು ಯುದ್ಧದಲ್ಲಿ ಹೋಗಿತ್ತು. 11,263 ಗಾಜಿನ ಚೌಕ, 72 ಬಣ್ಣ. ಚರ್ಚಿನ ಹಳೇ ಕಿಟಕಿಗಳಲ್ಲಿದ್ದ ಬಣ್ಣಗಳನ್ನೇ ಆರಿಸಿಕೊಂಡು, ಎಲ್ಲಿ ಯಾವುದು ಬರಬೇಕೆಂಬುದನ್ನು ಬಹುಮಟ್ಟಿಗೆ ಕಂಪ್ಯೂಟರಿನ ಅದೃಷ್ಟಕ್ಕೆ ಬಿಟ್ಟ. ಸಂಭಾವನೆ ತೆಗೆದುಕೊಳ್ಳಲಿಲ್ಲ. ಆಗಿನ ಆರ್ಚ್‌ಬಿಷಪ್ ಕಾರ್ಡಿನಲ್ ಮೈಸ್ನರ್ ಇದು ಮಸೀದಿಗೆ ಹೊಂದೀತು, ಇಲ್ಲಿಗಲ್ಲ ಎಂದು ಬಹಿರಂಗವಾಗೇ ಹೇಳಿದರು. ಮಧ್ಯಾಹ್ನದ ಬಿಸಿಲಿನಲ್ಲಿ ನೆಲದ ಮೇಲೆ ಬೀಳುವ ಬಣ್ಣ ನೋಡಿಯೂ ಇಷ್ಟವಾಗದಿದ್ದರೆ ನಿಮ್ಮ ಜೊತೆ ಜಗಳವಿಲ್ಲ.

## ಇನ್ನೂ ಒಳಗೆ

ಇಷ್ಟೊಂದು ಭಾಗ 19ನೇ ಶತಮಾನದ್ದಾದ್ರೆ ಇದನ್ನು ಮಧ್ಯಯುಗದ ಗೋಥಿಕ್ ಅಂತ ಹೇಗೆ ಅನ್ನೋದು?

ನ್ಯಾಯವಾದ ತಕರಾರು. 19ನೇ ಶತಮಾನದಲ್ಲಿ ಯುರೋಪಿನ ತುಂಬಾ ಗೋಥಿಕ್ ಥರ ಕಾಣುವ ಕಟ್ಟಡಗಳು ಎದ್ದವು. ಅವುಗಳಲ್ಲಿ ಬಹಳಷ್ಟು ಮೇಲ್ನೋಟದ ಗೋಥಿಕ್. ಕಲೋನ್ ವಿಷಯ ಬೇರೆ. ಮೇಲ್ವಿಚಾರಕ ಅರ್ನ್ಸ್ಟ್ ಟ್ಸ್ವಿರ್ನರ್‌ಗೂ ಅವನ ನಂತರ ಬಂದ ರಿಚರ್ಡ್ ಫೊಯ್ಕ್ಟೆಲ್‌ಗೂ ಎರಡು ಕಟ್ಟುಪಾಡುಗಳಿದ್ದವು: ಕಣ್ಣ ಮುಂದೆ ಮುಗಿದ ಕ್ವಾಯರ್, ಕೈಯಲ್ಲಿ ಮಧ್ಯಯುಗದ ನಕ್ಷೆ. ಪಶ್ಚಿಮದ ಮುಂಭಾಗವನ್ನು ಅವರು ಕಲ್ಪಿಸಲಿಲ್ಲ, ನಕ್ಷೆ ನೋಡಿ ಕಟ್ಟಿದರು. ಅಡ್ಡ ತೋಳುಗಳಿಗೆ ಹಳೇ ನಕ್ಷೆ ಇರಲಿಲ್ಲ, ಅಲ್ಲಿ ಟ್ಸ್ವಿರ್ನರ್ ತಾನೇ ಬರೆದ. ಕಬ್ಬಿಣದ ಹಂದರವಂತೂ ಪಕ್ಕಾ ಕೈಗಾರಿಕಾ ಯುಗದ್ದು.

ಹೀಗಾಗಿ ನನ್ನ ಉತ್ತರ ಇಷ್ಟೇ: ಯೋಚನೆ 13ನೇ ಶತಮಾನದ್ದು, ಕೈ ಎರಡು ಕಾಲದ್ದು. ಮಧ್ಯಯುಗದವರೇ ಸತತವಾಗಿ ಕಟ್ಟಿದ್ದರೆ ಚರ್ಚು ಇಷ್ಟು ಏಕರೂಪವಾಗಿ ಇರುತ್ತಿರಲಿಲ್ಲ. ಪ್ರತಿ ತಲೆಮಾರಿನ ಮೇಸ್ತ್ರಿ ತನ್ನ ಕಾಲದ ಫ್ಯಾಶನ್ ಸೇರಿಸುತ್ತಿದ್ದ, ಸ್ಟ್ರಾಸ್‌ಬರ್ಗ್‌ನ ಚರ್ಚಿನಲ್ಲಿ ಆದ ಹಾಗೆ. ಸ್ವಲ್ಪ ನಿರ್ಜೀವ ಅನ್ನಿಸುವಷ್ಟು ಅಚ್ಚುಕಟ್ಟು ಬಂದಿರುವುದು ಆ ಕೊನೆಯ 38 ವರ್ಷಗಳಿಂದ.

ದೊಡ್ಡ ಗಂಟೆಯ ನಾಲಿಗೆ ಕಳಚಿ ಬಿದ್ದಿತ್ತಂತಲ್ಲ?

ಹೌದು, 2011ರ ಜನವರಿ 6ರಂದು, ಅದೂ ಮೂವರು ಜ್ಞಾನಿಗಳ ಹಬ್ಬದ ದಿನವೇ! ಯಾರಿಗೂ ಪೆಟ್ಟಾಗಲಿಲ್ಲ. 24 ಟನ್ ತೂಕದ ಈ ಗಂಟೆ ಎರಕ ಹೊಯ್ದಿದ್ದು 1923ರಲ್ಲಿ. ಅದಕ್ಕೂ ಮೊದಲು ಫ್ರೆಂಚರಿಂದ ಕಿತ್ತುಕೊಂಡ ಫಿರಂಗಿಗಳನ್ನು ಕರಗಿಸಿ ಮಾಡಿದ ಗಂಟೆಯೊಂದಿತ್ತು. ಮೊದಲ ಮಹಾಯುದ್ಧದಲ್ಲಿ ಲೋಹ ಬೇಕೆಂದು 1918ರಲ್ಲಿ ಅದನ್ನೇ ಕರಗಿಸಿದರು. ಪಕ್ಕದಲ್ಲಿರುವ 1448ರ ಗಂಟೆ ಮಾತ್ರ ಎಲ್ಲವನ್ನೂ ದಾಟಿ ಇನ್ನೂ ಬಾರಿಸುತ್ತಿದೆ.

ಯುನೆಸ್ಕೋ ಇದನ್ನು ಅಪಾಯದ ಪಟ್ಟಿಗೆ ಹಾಕಿದ್ದು ಯಾಕೆ? ಬೀಳೋ ಹಾಗಿತ್ತಾ?

ಇಲ್ಲ. 2004ರಲ್ಲಿ ಹಾಕಿದ್ದು ನದಿಯ ಆಚೆ ದಡದ ಕಟ್ಟಡಗಳಿಂದ. ಅಲ್ಲಿ ಗಗನಚುಂಬಿಗಳ ಸಾಲು ಎಬ್ಬಿಸಲು ಊರಿನ ಆಡಳಿತ ಹೊರಟಿತ್ತು. ಅದು ಎದ್ದರೆ ದೂರದಿಂದ ಚರ್ಚು ಕಾಣುವ ರೀತಿಯೇ ಕೆಡುತ್ತದೆ ಎಂಬುದು ಆಕ್ಷೇಪ. ಯೋಜನೆಯನ್ನು ತಗ್ಗಿಸಿದ ಮೇಲೆ 2006ರಲ್ಲಿ ಪಟ್ಟಿಯಿಂದ ತೆಗೆದರು.

ನಾವು ಹೋದಾಗೆಲ್ಲ ಒಂದು ಕಡೆ ಸಾರುವೆ ಕಟ್ಟಿರುತ್ತೆ. ಯಾವಾಗ ಮುಗಿಯುತ್ತೆ ಈ ರಿಪೇರಿ?

ಮುಗಿಯಲ್ಲ. ಚರ್ಚಿಗೆ ತನ್ನದೇ ಕಾರ್ಯಾಗಾರವಿದೆ. ಕಲ್ಲುಕುಟಿಗರು, ಶಿಲ್ಪಿಗಳು, ಗಾಜಿನ ಕೆಲಸದವರು, ಬಡಗಿಗಳು, ಕಮ್ಮಾರರು ಅಲ್ಲಿ ಕಾಯಂ ನೌಕರರು. 19ನೇ ಶತಮಾನದ ಕೆಲವು ಮರಳುಗಲ್ಲುಗಳು ಮಧ್ಯಯುಗದ ಕಲ್ಲಿಗಿಂತ ಬೇಗ ಉದುರುತ್ತಿವೆ. ಕೆಟ್ಟ ತುಂಡನ್ನು ತೆಗೆದು ಅದೇ ಆಕಾರಕ್ಕೆ ಹೊಸದು ಕೆತ್ತಿ ಕೂರಿಸಬೇಕು. ಫೋಟೋದಲ್ಲಿ ಸಾರುವೆ ಬರಬಾರದು ಅಂದರೆ ಅದು ಯಾವ ಬದಿಗಿದೆ ನೋಡಿಕೊಂಡು ಇನ್ನೊಂದು ಬದಿಗೆ ಹೋಗಿ ನಿಲ್ಲಬೇಕು, ಅಷ್ಟೇ.